ಅಬಿಮಾಯೆಲನ ಕಾರು ಕುಡಿಯಲು ಕಲಿತದ್ದು

ಕಾರನ್ನು ಎಳೆದು ತಂದದ್ದು ಟ್ರ್ಯಾಕ್ಟರು.
ಹಿಂದೆ ನಡೆದು ಬಂದವಳು ದೋನ ಇರಾಸಿ,
ಕೈಯಲ್ಲಿ ಕೀಲಿಕೈ, ಕಂಕುಳಲ್ಲಿ
ಬಟ್ಟೆ ಸುತ್ತಿದ ಉದ್ದನೆಯ ಏನೋ ಒಂದು.

ಎಪ್ಪತ್ತಾರರ ಒಪಾಲಾ, ಆರು ಸಿಲಿಂಡರು,
ಕಿತ್ತಳೆ ಮೈ, ಬಾನೆಟ್ಟಿಗೆ ಎರಡು ಕರಿಪಟ್ಟೆ.
ಸೆರ್ತಾವ್ಜಿನ್ಯೊದಲ್ಲಿ ನನ್ನ ಓರಗೆಯ ಯಾರನ್ನಾದರೂ ಕೇಳಿ:
ಶನಿವಾರ ರಾತ್ರಿ ಸಕ್ಕರೆ ಕಾರ್ಖಾನೆಯ ನೇರ ರಸ್ತೆಯಲ್ಲಿ
ಅದರ ಹಿಂದೀಪಗಳನ್ನಷ್ಟೇ ಕಂಡವರು ನಾವೆಲ್ಲ.

ಓಡಿಸುತ್ತಿದ್ದವ ಅಬಿಮಾಯೆಲ್.
ಭಾನುವಾರ ಬೆಳಿಗ್ಗೆ ಅದೇ ಕೈಯಲ್ಲಿ ಬೈಬಲ್ಲು.
ಬಿಯರ್ ಮುಟ್ಟಿದವನಲ್ಲ, ಕಶಾಸ ಮೂಸಿದವನಲ್ಲ.
ಊರಿಗೆ ಊರೇ ಪೆಟ್ರೋಲು ಬಿಟ್ಟು
ಕಬ್ಬಿನ ಆಲ್ಕೋಹಾಲಿಗೆ ತಿರುಗಿದ ಕಾಲದಲ್ಲೂ
‘ನನ್ನ ಬಾಯಿಗೆ ಬೇಡದ್ದು
ನನ್ನ ಗಾಡಿಯ ಬಾಯಿಗೂ ಬೇಡ’ ಎಂದವನು.

ಅವನು ಹೋಗಿ ಹನ್ನೊಂದು ತಿಂಗಳು.
‘ಇದನ್ನು ಆಲ್ಕೋಹಾಲಿಗೆ ಮಾಡಿಕೊಡು’ ಅಂದಳು.
ನಾನು ಬನಿಯನ್ನಿಗೆ ಕೈ ಒರೆಸಿಕೊಂಡೆ. ಏನನ್ನಲಿ?

‘ಮೂವತ್ತೊಂದು ವರ್ಷ ಡಿಸ್ಟಿಲರಿಯ ಲ್ಯಾಬಿನಲ್ಲಿ ನಿಂತೆ.
ಗಂಟೆಗೊಂದು ಮಾದರಿ. ಎಷ್ಟು ನೀರು, ಎಷ್ಟು ಸಾರ,
ಬರೆದೆ, ಸಹಿ ಹಾಕಿದೆ.
ನನ್ನ ಸಹಿಯ ಮೇಲೆ ಯಾರ್‍ಯಾರದೋ ಗಾಡಿ ಓಡಿತು.
ನನ್ನ ಬಾಗಿಲ ಮುಂದಿನದು ಮಾತ್ರ
ಒಂದು ಹನಿ ರುಚಿ ನೋಡಲಿಲ್ಲ.’

ಪೆಟ್ರೋಲು ಅಲ್ಪತೃಪ್ತ. ಇದು ಹಾಗಲ್ಲ,
ಹತ್ತು ಕೊಟ್ಟಲ್ಲಿ ಹದಿಮೂರು ಕೇಳುತ್ತದೆ.
ಜೆಟ್ಟಿನ ತೂತನ್ನು ಒಂದು ಕೂದಲೆಳೆಯಷ್ಟು,
ಮತ್ತೆ ಇನ್ನೊಂದು ಕೂದಲೆಳೆಯಷ್ಟು
ಉಸಿರು ಬಿಗಿಹಿಡಿದು ಕೈಯಲ್ಲೇ ಕೊರೆದೆ.
ಸಿಲಿಂಡರ್ ಹೆಡ್ಡನ್ನು ಹೆರೆಸಿ ತಂದೆ:
ಒತ್ತಿದಷ್ಟೂ ತಾಳುತ್ತದೆ ಇದು,
ಏರಿನಲ್ಲಿ ಕಟಕಟ ಹಲ್ಲು ಕಡಿಯುವುದಿಲ್ಲ.
ಹಳೆಯ ರಬ್ಬರು ಊದಿ ಮೆತ್ತಗಾದೀತೆಂದು ಎಲ್ಲ ಕಿತ್ತೆ.
ಕಾರ್ಬ್ಯುರೇಟರಿಗೆ ನಿಕಲ್ ಲೇಪ. ಇಲ್ಲದಿದ್ದರೆ ಒಳಗೊಳಗೇ
ಬಿಳಿ ಹಿಟ್ಟು ಕಟ್ಟಿ ತಿಂದುಹಾಕುತ್ತದೆ, ಸದ್ದಿಲ್ಲದೆ.

ಟ್ಯಾಂಕು ಇಳಿಸಿದಾಗ ತಳದಲ್ಲಿ ಅವನ ಪೆಟ್ರೋಲು,
ಜೇನಿನಂಥ ಕಂದು, ಹಳೆ ವಾರ್ನಿಶ್ಶಿನ ಗಬ್ಬು.
‘ಚೆಲ್ಲಿಬಿಡಲಾ?’ ಎಂದ ಹುಡುಗ ವೆಂದಿಲ್ಸನ್.
ಆಕೆ ಬಹಳ ಹೊತ್ತು ನೋಡಿದಳು.
‘ಒಂದು ಸೀಸೆ ತೆಗೆದಿಡು.’

ಆಮೇಲೆ ಕಂಕುಳ ಗಂಟು ಬಿಚ್ಚಿದಳು.
ಗಾಜಿನ ಹೈಡ್ರೋಮೀಟರು, ಅದರ ಸಪೂರ ಕತ್ತಿನ ತುಂಬ ಅಂಕಿ.
ಬಂಕಿನಿಂದ ತಂದದ್ದನ್ನು ಜಾಡಿಗೆ ಸುರಿದು ಇಳಿಬಿಟ್ಟಳು.
ಮುಳುಗಿತು, ಎದ್ದಿತು, ತೂಗಿ ನಿಂತಿತು.
‘ತೊಂಬತ್ತೆರಡೂವರೆ. ನನ್ನ ಪಾಳಿಯಲ್ಲಾಗಿದ್ದರೆ
ವಾಪಸು ಕಳಿಸುತ್ತಿದ್ದೆ.
ಇರಲಿ, ಕುಡಿಯಲಿ.’

ಜುಲೈ ತಿಂಗಳ ಬೆಳಗು. ಕಬ್ಬಿನ ಮೇಲೆ ಮಂಜು.
ಹದಿನಾಲ್ಕು ಸಲ ಕೀಲಿ ತಿರುಗಿಸಿದಳು, ಹೂಂ ಅನ್ನಲಿಲ್ಲ.
ಚಳಿಯಲ್ಲಿ ಆಲ್ಕೋಹಾಲು ಸೋಮಾರಿ,
ಎಬ್ಬಿಸಲು ಒಂದು ಗುಟುಕು ಪೆಟ್ರೋಲೇ ಬೇಕು.
ಅದಕ್ಕೆಂದೇ ಕೂರಿಸಿದ ಪುಟ್ಟ ಡಬ್ಬಿ, ಇನ್ನೂ ಖಾಲಿ.

ಅವಳು ಸೀಸೆ ಚಾಚಿದಳು.
ನಾನು ಬೆನ್ನು ತಿರುಗಿಸಿ, ಅದನ್ನು ಶೆಲ್ಫಿನಲ್ಲಿಟ್ಟು,
ನನ್ನ ಕ್ಯಾನಿನಿಂದ ಹೊಸದನ್ನು ಹುಯ್ದೆ.

ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು.
ಆಮೇಲೆ ಆರೂ ಬಾಯಿ ಒಟ್ಟಿಗೆ ತೆರೆದು
ತಗಡಿನ ಮಾಡು ನಡುಗುವಂತೆ ಕೂಗಿತು.
ಗ್ಯಾರೇಜಿನ ತುಂಬ ಹುಳಿಬಂದ ಕಬ್ಬಿನಹಾಲಿನ ವಾಸನೆ.

ಕಿಟಕಿ ಇಳಿಸಿ ಅಂದಳು:
‘ಹಳೇ ಪೆಟ್ರೋಲಿನ ವಾಸನೆ ನನಗೆ ಗೊತ್ತು ಜೆನಿವಾಲ್ದೊ.
ಲ್ಯಾಬಿನಲ್ಲಿ ಪಳಗಿದ ಮೂಗು ಇದು.’
ಬೈಯುತ್ತಾಳೇನೋ ಅಂದುಕೊಂಡೆ. ಗೇರು ಹಾಕಿದಳು.

ಕಬ್ಬಿನ ಆಚೆಯಿಂದ ಎರಡನೆಯದು ಕೇಳಿತು,
ಮೂರನೆಯದು ಕೇಳಿತು,
ಮೂರರಲ್ಲೇ ಬಹಳ ದೂರ ಎಳೆದದ್ದು ಕೇಳಿತು.
ವೆಂದಿಲ್ಸನ್ ಶಿಳ್ಳೆ ಹಾಕಿದ.

ಲೀಟರಿಗೆ ನಾಲ್ಕೇ ಕಿಲೋಮೀಟರು,
ಹೇಳುವುದನ್ನು ಮರೆತಿದ್ದೆ.

ಮಧ್ಯಾಹ್ನ ಫೋನು ಬಂತು:
‘ಖಾಲಿಯಾಯಿತು. ನೇರ ರಸ್ತೆಯ ಕೊನೆಯಲ್ಲಿದ್ದೇನೆ.
ಕ್ಯಾನು ತಗೊಂಡು ಬಾ.
ಆತುರವೇನಿಲ್ಲ.’